ಮಂಗಳವಾರ, ಶುಕ್ರವಾರದ ಹೊಟ್ಟೆನೋವು: ಅಂಕೋಲಾ ಕಡಲಂಚಿನ ಒಂದು ಪ್ರಕರಣ ಅಧ್ಯಯನ

2024ರ ಆಗಸ್ಟ್ ಕೊನೆಯಲ್ಲಿ ತರಗತಿ ಶಿಕ್ಷಕಿ ಬರೆದುಕೊಟ್ಟ ಚೀಟಿಯಲ್ಲಿ ಎರಡೇ ಸಾಲು ಇತ್ತು: ‘ಶಿರೂರು ಗುಡ್ಡ ಕುಸಿದ ಮೇಲೆ ಹುಡುಗಿ ಹೆದರಿದ್ದಾಳೆ. ಹೊಟ್ಟೆನೋವು ಅಂತ ಶಾಲೆಗೆ ಬರುತ್ತಿಲ್ಲ.’

ಹುಡುಗಿಗೆ 13 ವರ್ಷ. ಎಂಟನೇ ತರಗತಿ. ಅಂಕೋಲಾ ತಾಲೂಕಿನ ಕಡಲಂಚಿನ ಊರಿನವಳು. ಚೀಟಿ ತಲುಪಿದ್ದು ಆ ಹೈಸ್ಕೂಲಿಗೆ ವಾರಕ್ಕೆ ಎರಡು ದಿನ ಬರುತ್ತಿದ್ದ ಮನಃಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿನಿಯ ಕೈಗೆ. ಅವಳ ಕ್ಷೇತ್ರ ತರಬೇತಿಗೆ ನಾನು ಮಾರ್ಗದರ್ಶಕಿ. ಹುಡುಗಿಯ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿಯ ಒಪ್ಪಿಗೆ ಇದೆ, ಹುಡುಗಿಯ ಒಪ್ಪಿಗೆಯೂ ಇದೆ.

ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಬೇಕೆಂದು ಹೊರಟ ಹುಡುಗ ಹುಡುಗಿಯರಿಗೆ ನಾವು ಮೊದಲು ಏನು ಕಲಿಸಬೇಕು ಎಂಬ ಪ್ರಶ್ನೆಗೆ ಈ ಪ್ರಕರಣದಷ್ಟು ಸ್ಪಷ್ಟ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಎಲ್ಲರೂ ಒಪ್ಪಿದ್ದ ಕಾರಣ

ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದ ಮಣ್ಣು ಗಂಗಾವಳಿ ನದಿಯವರೆಗೂ ಹೋಯಿತು. ಜನ ಸತ್ತರು. ನದಿಯಲ್ಲಿ ಹುಡುಕಾಟ ಸೆಪ್ಟೆಂಬರ್‌ವರೆಗೆ ನಡೆಯಿತು. ಆ ಮಳೆಗಾಲ ಅಂಕೋಲೆಯ ಮನೆಮನೆಯಲ್ಲೂ ಅದೇ ಮಾತು. ಅಂಥ ಹೊತ್ತಲ್ಲಿ ಒಂದು ಮಗು ಶಾಲೆ ಬಿಟ್ಟರೆ ಯಾರಿಗಾದರೂ ಮೊದಲು ನೆನಪಾಗುವುದು ಗುಡ್ಡವೇ, ಅಲ್ವಾ? ಶಿಕ್ಷಕಿ ಹಾಗೆ ಅಂದುಕೊಂಡರು. ತಾಯಿಯೂ ಹಾಗೇ ಅಂದುಕೊಂಡಿದ್ದರು. ಊರ ದೇವಸ್ಥಾನದಲ್ಲಿ ಪ್ರಸಾದ, ಅಂದರೆ ದೇವರ ಸೂಚನೆ, ಕೇಳಿದಾಗಲೂ ‘ಹೆದರಿಕೆ ತಾಗಿದೆ’ ಎಂದೇ ಬಂದಿತ್ತು.

ನನ್ನ ವಿದ್ಯಾರ್ಥಿನಿ ಘಟ್ಟದ ಮೇಲಿನವಳು, ಶಿರಸಿ ಕಡೆಯ ಅಡಿಕೆ ತೋಟದ ಮನೆಯಿಂದ ಬಂದವಳು. ಆಘಾತದ ನಂತರದ ಒತ್ತಡದ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದಳು. ‘ಯಾವ ಪರೀಕ್ಷೆ ಮಾಡಲಿ ಮೇಡಂ?’ ಎಂದು ಫೋನಿನಲ್ಲಿ ಕೇಳಿದಳು. ‘ಪರೀಕ್ಷೆ ಆಮೇಲೆ ಮಾರಾಯ್ತಿ. ಮೊದಲು ಹಾಜರಿ ಪುಸ್ತಕ ನೋಡು, ಪಕ್ಕದಲ್ಲಿ ವೇಳಾಪಟ್ಟಿ ಇಟ್ಟುಕೋ’ ಎಂದೆ.

ಇದು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುವ ಮಾತು. ಶಾಲೆಗೆ ಹೋಗದಿರುವುದು ಒಂದು ಕಾಯಿಲೆಯ ಹೆಸರಲ್ಲ. ಮನೋರೋಗಗಳ ಪಟ್ಟಿಯಾದ ಡಿಎಸ್‌ಎಂ-5ರಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ಅದು ಒಂದು ನಡವಳಿಕೆ. ಅಮೆರಿಕದ ಮನಃಶಾಸ್ತ್ರಜ್ಞ ಕ್ರಿಸ್ಟೋಫರ್ ಕಿಯರ್ನಿ ಮತ್ತು ವೆಂಡಿ ಸಿಲ್ವರ್‌ಮನ್ 1990ರ ದಶಕದಲ್ಲೇ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. ಮಗುವಿಗೆ ಏನಾಗಿದೆ ಎಂದು ಕೇಳುವ ಮೊದಲು, ಮನೆಯಲ್ಲಿ ಉಳಿದರೆ ಮಗುವಿಗೆ ಏನು ಸಿಗುತ್ತದೆ ಎಂದು ಕೇಳಿದರು. ಶಾಲೆಯಲ್ಲಿ ಆಗುವ ಸಂಕಟ ತಪ್ಪಬಹುದು. ನಾಲ್ಕು ಜನರ ಮುಂದೆ ಪರೀಕ್ಷೆಗೆ ನಿಲ್ಲುವುದು ತಪ್ಪಬಹುದು. ಮನೆಯವರ ಗಮನ ಸಿಗಬಹುದು. ಇಲ್ಲವೇ ಹೊರಗೆ ಶಾಲೆಗಿಂತ ಇಷ್ಟವಾದದ್ದೇನೋ ಇರಬಹುದು. ಒಂದೇ ಮಗುವಿಗೆ ಇದರಲ್ಲಿ ಎರಡು ಮೂರು ಸೇರಿಕೊಂಡಿರುವುದೂ ಉಂಟು. ಹೊಟ್ಟೆನೋವು ಎಲ್ಲದರಲ್ಲೂ ಒಂದೇ ಥರ ಕಾಣುತ್ತದೆ. ಮಾಡಬೇಕಾದ ಕೆಲಸ ಮಾತ್ರ ಒಂದೊಂದಕ್ಕೂ ಬೇರೆ.

ಹಾಜರಿ ಪುಸ್ತಕ

ಜೂನ್ ಮೊದಲ ವಾರಗಳಲ್ಲಿ ಹುಡುಗಿ ಒಂದು ದಿನವೂ ತಪ್ಪಿಸಿರಲಿಲ್ಲ. ಅದು ಸೇತುಬಂಧದ ಸಮಯ. ಹಿಂದಿನ ತರಗತಿಯ ಪಾಠವನ್ನೇ ಮತ್ತೆ ನೆನಪು ಮಾಡಿಸುತ್ತಾರೆ, ಆಟ ಚಟುವಟಿಕೆ ಜಾಸ್ತಿ. ಜೂನ್ ಕೊನೆಯ ವಾರ ಪಠ್ಯದ ಪಾಠ ಶುರುವಾಯಿತು. ಅಲ್ಲಿಂದ ಜುಲೈ 15ರೊಳಗೆ ಐದು ಗೈರು. ಅಂದರೆ ಗುಡ್ಡ ಕುಸಿಯುವ ಮೊದಲೇ ಐದು. ಅದರಲ್ಲಿ ನಾಲ್ಕು ಮಂಗಳವಾರ ಅಥವಾ ಶುಕ್ರವಾರ ಬಿದ್ದಿದ್ದವು.

ವೇಳಾಪಟ್ಟಿಯಲ್ಲಿ ಇಂಗ್ಲಿಷ್ ದಿನವೂ ಇತ್ತು, ಕನ್ನಡವೂ ಹೆಚ್ಚುಕಡಿಮೆ ದಿನವೂ ಇತ್ತು. ಹಾಗಾಗಿ ಮೊದಲ ನೋಟಕ್ಕೆ ಏನೂ ಹೊಳೆಯಲಿಲ್ಲ. ವಿದ್ಯಾರ್ಥಿನಿ ಬಿಡಲಿಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ವಾರ ಕುಳಿತು ನೋಡಿದಳು. ಮಂಗಳವಾರ ಇಂಗ್ಲಿಷ್ ಪೀರಿಯಡ್‌ನಲ್ಲಿ ‘ರೀಡಿಂಗ್’. ಹಾಜರಿ ಸಂಖ್ಯೆಯ ಪ್ರಕಾರ ಒಬ್ಬೊಬ್ಬರೂ ಎದ್ದು ನಿಂತು ಒಂದೊಂದು ಪ್ಯಾರಾ ಓದಬೇಕು. ಶುಕ್ರವಾರ ಕನ್ನಡದಲ್ಲೂ ಹಾಗೇ. ಸಮಾಜ ವಿಜ್ಞಾನದ ಮಾಸ್ತರರು ತಮಗೆ ತೋಚಿದ ದಿನ ಓದಿಸುತ್ತಿದ್ದರು.

ಆಗಸ್ಟ್ ಪುಟ ತೆರೆದರೆ ಮಂಗಳವಾರ, ಶುಕ್ರವಾರಗಳು ಬಹುತೇಕ ಖಾಲಿ. ಬುಧವಾರ, ಶನಿವಾರಗಳೂ ಖಾಲಿಯಾಗತೊಡಗಿದ್ದವು. ಒಂದು ದಿನ ತಪ್ಪಿಸಿದ ಮಗುವಿಗೆ ಮರುದಿನ ಹೋಗುವುದು ಇನ್ನೂ ಕಷ್ಟ. ‘ನಿನ್ನೆ ಯಾಕೆ ಬರಲಿಲ್ಲ’ ಎಂಬ ಪ್ರಶ್ನೆಯನ್ನೂ ಈಗ ಎದುರಿಸಬೇಕಲ್ಲ.

ಆದರೆ ಆಗಸ್ಟ್‌ನಲ್ಲೇ ಯಾಕೆ ಹೀಗೆ ಹೆಚ್ಚಿತು? ಇದಕ್ಕೆ ಉತ್ತರ ಶಾಲೆಯಲ್ಲಿರಲಿಲ್ಲ, ಕಡಲಲ್ಲಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅಪ್ಪ ಗೋವಾ ಕಡೆಯ ಬೋಟಿನಲ್ಲಿ ದುಡಿಯುವವರು. ಆ ಎರಡು ತಿಂಗಳು ಮನೆಯಲ್ಲಿದ್ದರು. ಬೆಳಿಗ್ಗೆ ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡುತ್ತಿದ್ದರು. ಆಗಸ್ಟ್ ಬಂತು, ಅಪ್ಪ ಹೋದರು. ಅಮ್ಮ ಬೆಳಕು ಹರಿಯುವ ಮೊದಲೇ ಮೀನು ತರಲು ಬಂದರಿಗೆ, ಅಲ್ಲಿಂದ ಪೇಟೆಗೆ. ಬೆಳಗಿನ ಹೊತ್ತು ಮನೆಯಲ್ಲಿ ಉಳಿದದ್ದು ಅಜ್ಜಿ. ಹೊಟ್ಟೆ ಹಿಡಿದುಕೊಂಡು ಕೂತ ಮೊಮ್ಮಗಳನ್ನು ಯಾವ ಅಜ್ಜಿ ತಾನೇ ಬಸ್ಸಿಗೆ ಹತ್ತಿಸುತ್ತಾಳೆ?

ಯಾವ ದಿನ ತಪ್ಪುತ್ತದೆ ಎಂಬುದನ್ನು ವೇಳಾಪಟ್ಟಿ ಹೇಳಿತು. ಎಷ್ಟು ದಿನ ತಪ್ಪುತ್ತದೆ ಎಂಬುದನ್ನು ಬೋಟು ಹೇಳಿತು. ಒಂದೇ ಒಂದು ಮಾನಸಿಕ ಪರೀಕ್ಷೆಯ ಪುಟ ತೆರೆಯುವ ಮೊದಲು ಇಷ್ಟು ಗೊತ್ತಾಗಿತ್ತು.

ಮಾತನಾಡಿಸಿದಾಗ

ಗುಡ್ಡದ ಭಯ ಸುಳ್ಳು ಎಂದು ನಾವು ತೀರ್ಮಾನಿಸಲಿಲ್ಲ. ಕೇಳಿದೆವು. ವಿಪತ್ತು ಕಂಡ ಮಕ್ಕಳಿಗಾಗಿ ‘ಕ್ರೈಸ್-8’ ಎಂಬ ಎಂಟು ಪ್ರಶ್ನೆಗಳ ಸಣ್ಣ ಪಟ್ಟಿ ಇದೆ. 17 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು. ಅವಳಿಗೆ ಬಂದದ್ದು 9. ನಾವು ಬಾಯಿಮಾತಿನಲ್ಲಿ, ಅವಳ ಭಾಷೆಗೆ ತಿರುಗಿಸಿ ಕೇಳಿದ್ದರಿಂದ ಆ ಅಂಕವನ್ನೇ ನಂಬಿ ಕೂರಲಿಲ್ಲ. ಜೋರು ಮಳೆ ಬಂದರೆ ಹೆದರಿಕೆ ಆಗುತ್ತದೆ ಎಂದಳು. ನಿದ್ದೆ ಬರುತ್ತಿತ್ತು. ಬಸ್ಸು ಹತ್ತಲು ಭಯವಿರಲಿಲ್ಲ. ಭಾನುವಾರ ಅಮ್ಮನ ಜೊತೆ ಅಂಕೋಲಾ ಪೇಟೆಗೆ ಖುಷಿಯಿಂದ ಹೋಗುತ್ತಿದ್ದಳು.

ಬಸ್ಸಿನಲ್ಲಿ, ದಾರಿಯಲ್ಲಿ, ಮನೆಯಲ್ಲಿ ಯಾರಾದರೂ ತೊಂದರೆ ಕೊಡುತ್ತಾರಾ ಎಂದೂ ಕೇಳಿದೆವು. ಸಾಯಬೇಕು ಅನ್ನಿಸಿದೆಯಾ, ಕೈಗೆ ಏನಾದರೂ ಮಾಡಿಕೊಂಡಿದ್ದೀಯಾ ಎಂದೂ ಕೇಳಿದೆವು. ಹೊಸದಾಗಿ ಕಲಿಯುವವರಿಗೆ ಈ ಪ್ರಶ್ನೆ ಬಾಯಿಂದ ಹೊರಡುವುದೇ ಇಲ್ಲ. ಕೇಳಿದರೆ ಮಗುವಿನ ತಲೆಗೆ ನಾವೇ ಆ ಯೋಚನೆ ಹಾಕಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ. ನೇರವಾಗಿ, ಮೆತ್ತಗೆ ಕೇಳಿದರೆ ಮಕ್ಕಳಿಗೆ ಹಗುರವಾಗುತ್ತದೆ. ಲೈಂಗಿಕ ತೊಂದರೆಯ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದನ್ನು ಗುಟ್ಟಾಗಿ ಇಡುತ್ತೇನೆಂದು ಮಗುವಿಗೆ ಮಾತು ಕೊಡುವಂತಿಲ್ಲ. ಇದನ್ನು ಮಾತು ಶುರುವಾಗುವ ಮುಂಚೆಯೇ ಮಗುವಿಗೆ ಹೇಳಿಬಿಡಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಮಾತಿಗೆ ಒಂದು ತೊಡಕು ಇತ್ತು. ಹುಡುಗಿಯ ಮನೆಮಾತು ಕೊಂಕಣಿ. ಕನ್ನಡದಲ್ಲಿ ಕೇಳಿದರೆ ‘ಹೌದು ಅಕ್ಕೋರೆ’, ‘ಇಲ್ಲ ಅಕ್ಕೋರೆ’ ಅಷ್ಟೇ. ಅದೇ ಶಾಲೆಯಲ್ಲಿದ್ದ ದೊಡ್ಡಪ್ಪನ ಮಗಳನ್ನು ಕರೆಸಿ ಅವಳಿಂದ ಹೇಳಿಸೋಣ ಎಂದು ಶಿಕ್ಷಕಿ ಸೂಚಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಸಂಬಂಧಿಕರ ಮೂಲಕ ಮಾತಾಡಿಸಿದರೆ ಮಗು ಬಿಚ್ಚಿ ಹೇಳುವುದಿಲ್ಲ, ಹೇಳಿದ್ದು ಸಂಜೆಯೊಳಗೆ ಕೇರಿಯೆಲ್ಲ ಸುತ್ತುತ್ತದೆ. ಕಾರವಾರದ ಇನ್ನೊಬ್ಬ ವಿದ್ಯಾರ್ಥಿನಿ ಕೊಂಕಣಿ ಬಲ್ಲವಳು. ಅವಳನ್ನು ಜೊತೆಗೆ ಕೂರಿಸಿದೆವು.

ಕೊಂಕಣಿಯಲ್ಲಿ ಹುಡುಗಿ ಬೇರೆಯೇ ಆದಳು. ಅಪ್ಪನ ಬಲೆ ಹರಿದದ್ದು, ಅದನ್ನು ಮನೆ ಅಂಗಳದಲ್ಲಿ ಹೊಲಿದದ್ದು, ಯಾವ ಮೀನು ಯಾವ ಬಲೆಗೆ ಬೀಳುತ್ತದೆ ಎಂಬುದು, ಎಲ್ಲ ಸಾಲಾಗಿ ಹೇಳಿದಳು. ಕತೆಗೆ ಮೊದಲು ಕೊನೆ ಇತ್ತು. ನೆನಪು ಚುರುಕಾಗಿತ್ತು. ಆಮೇಲೆ ಶಾಲೆಯ ಮಾತು ಬಂತು. ಜೂನ್ ಕೊನೆಯಲ್ಲಿ ಒಂದು ಶುಕ್ರವಾರ ಕನ್ನಡ ಪಾಠ ಓದುವಾಗ ‘ಸಂಸ್ಕೃತಿ’ ಎಂಬಲ್ಲಿ ತಡವರಿಸಿದ್ದಳು. ಮೂರು ಸಲ ಬೇರೆ ಬೇರೆ ಥರ ಓದಿದಳು. ತರಗತಿ ನಕ್ಕಿತು. ಆ ತಪ್ಪು ಓದೇ ಅವಳ ಅಡ್ಡಹೆಸರಾಯಿತು. ಪ್ರಾರ್ಥನೆಯ ಸಾಲಿನಲ್ಲೂ ಕರೆದರು, ಬಿಸಿಯೂಟದ ಸಾಲಿನಲ್ಲೂ ಕರೆದರು. ಶಿಕ್ಷಕರ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಮಕ್ಕಳ ಭಾವನೆ, ನಡವಳಿಕೆ ಅಳೆಯುವ ಎಸ್‌ಡಿಕ್ಯೂ ಎಂಬ 25 ಪ್ರಶ್ನೆಗಳ ಪಟ್ಟಿಯನ್ನು ಬ್ರಿಟನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದರು. ಮಗು, ಶಿಕ್ಷಕರು, ಪಾಲಕರು ಬೇರೆ ಬೇರೆಯಾಗಿ ತುಂಬಬಹುದು. ಭಾವನೆಗೆ ಸಂಬಂಧಿಸಿದ ಐದು ಪ್ರಶ್ನೆಗಳಲ್ಲಿ ಹುಡುಗಿ ತಾನೇ ಕೊಟ್ಟುಕೊಂಡದ್ದು 10ಕ್ಕೆ 7. ಅದು ಚಿಂತೆ ಪಡಬೇಕಾದ ಮಟ್ಟ. ಅದೇ ಪ್ರಶ್ನೆಗಳಿಗೆ ಶಿಕ್ಷಕಿ ಕೊಟ್ಟದ್ದು 2. ಶಿಕ್ಷಕಿಯ ಬಗ್ಗೆ ನನಗೆ ದೂರಿಲ್ಲ. ಗಲಾಟೆ ಮಾಡುವ ಹುಡುಗ ಮೊದಲ ವಾರವೇ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಸುಮ್ನೆ ಕೂರುವ ಹುಡುಗಿಗೆ ಸಿಗುವುದು ‘ಒಳ್ಳೆಯವಳು’ ಎಂಬ ಸರ್ಟಿಫಿಕೇಟು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಎಷ್ಟೋ ಮಕ್ಕಳು ಇಂಥ ‘ಒಳ್ಳೆಯವರ’ ಸಾಲಿನಲ್ಲಿ ಕೂತಿರುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಓದಿಸಿ ನೋಡಿದಾಗ

ಮೊದಲು ಕಣ್ಣು, ಕಿವಿ. ತಾಲೂಕು ಆಸ್ಪತ್ರೆಯಲ್ಲಿ ಎರಡೂ ಸರಿ ಇವೆ ಎಂದರು, ಹೊಟ್ಟೆಯಲ್ಲೂ ತೊಂದರೆ ಕಾಣಲಿಲ್ಲ. ಈ ಹೆಜ್ಜೆಯನ್ನು ವಿದ್ಯಾರ್ಥಿಗಳು ಬಿಟ್ಟುಬಿಡುತ್ತಾರೆ. ಅವರಿಗೆ ನಾನು ಅಮೆರಿಕದ ಮನಃಶಾಸ್ತ್ರಜ್ಞ ಲೈಟ್ನರ್ ವಿಟ್ಮರ್ ಕತೆ ಹೇಳುತ್ತೇನೆ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರು ತೆರೆದ ಕ್ಲಿನಿಕ್ಕಿಗೆ ಬಂದ ಮೊದಲ ಮಗು 14 ವರ್ಷದ ಹುಡುಗ. ಕಾಗುಣಿತ ಬರುತ್ತಿರಲಿಲ್ಲ. ಕರೆತಂದವರು ಶಾಲೆಯ ಶಿಕ್ಷಕಿ. ಪರೀಕ್ಷಿಸಿದಾಗ ಕಣ್ಣಿನ ದೋಷವೂ ಸಿಕ್ಕಿತು. ಕನ್ನಡಕ ಹಾಕಿಸಿ, ಪಾಠವನ್ನೂ ಹೇಳಿಕೊಟ್ಟರು. ನಮ್ಮ ಈ ವಿದ್ಯೆ ಹುಟ್ಟಿದ್ದೇ ಓದಲು ಬರೆಯಲು ಕಷ್ಟಪಡುವ ಒಂದು ಮಗು ಮತ್ತು ಅದನ್ನು ಕೈಬಿಡದ ಒಬ್ಬ ಶಿಕ್ಷಕಿಯಿಂದ ಎಂಬುದು ನನಗೆ ತುಂಬಾ ಇಷ್ಟದ ವಿಷಯ.

ನಂತರ ಐದನೇ ತರಗತಿಯ ಕನ್ನಡ ಗದ್ಯ ಕೊಟ್ಟೆವು. ಸರಳ ಅಕ್ಷರ, ಕಾಗುಣಿತ ಓದಿದಳು, ನಿಧಾನವಾಗಿ. ಒತ್ತಕ್ಷರ ಬಂದಲ್ಲೆಲ್ಲ ನಿಂತಳು. ‘ಅಭಿವೃದ್ಧಿ’, ‘ಸ್ವಾತಂತ್ರ್ಯ’ದಂಥ ಪದಗಳನ್ನು ಮೊದಲ ಅಕ್ಷರ ನೋಡಿ ಊಹಿಸಿದಳು. ಪ್ಯಾರಾ ಮುಗಿಯುವಷ್ಟರಲ್ಲಿ ಅರ್ಥ ಕೈ ಜಾರಿತ್ತು. ಅಂಥದೇ ಇನ್ನೊಂದು ಪ್ಯಾರಾವನ್ನು ವಿದ್ಯಾರ್ಥಿನಿ ಓದಿ ಹೇಳಿದಾಗ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದಳು. ಕನ್ನಡ ಕೇಳಿ ತಿಳಿಯುವುದು ಅವಳಿಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಅಕ್ಷರದಲ್ಲಿ.

ಯಾಕೆ? ಮೂರು ಕಾರಣ ಸಾಧ್ಯ.

ಮನೆಮಾತು ಕೊಂಕಣಿ ಎಂಬುದು ಒಂದು. ಇದನ್ನು ಪರೀಕ್ಷಿಸುವುದು ಸುಲಭ. ಅದೇ ಊರಿನ ಶಾಲೆಯಿಂದ, ಅದೇ ಮನೆಮಾತಿನ ಇನ್ನೂ ಕೆಲವು ಮಕ್ಕಳು ಆ ತರಗತಿಯಲ್ಲಿದ್ದರು. ಅವರೆಲ್ಲರಿಗೂ ಅದೇ ಗದ್ಯ ಕೊಟ್ಟೆವು. ಅವರು ಇವಳಿಗಿಂತ ಚೆನ್ನಾಗಿ ಓದಿದರು. ಆದ್ದರಿಂದ ಕೊಂಕಣಿಯೊಂದೇ ಕಾರಣ ಎನ್ನುವಂತಿಲ್ಲ. ಕರಾವಳಿಯ ಶಾಲೆಗಳಲ್ಲಿ ‘ಅವರ ಮನೆಯಲ್ಲಿ ಕೊಂಕಣಿ, ಅದಕ್ಕೇ ಹೀಗೆ’ ಎಂಬ ಮಾತು ಬಹಳ ಬೇಗ ಬರುತ್ತದೆ. ಆ ಮಾತಿನಿಂದ ಎಷ್ಟೋ ಮಕ್ಕಳ ಕಲಿಕೆಯ ತೊಂದರೆ ಕಾಣದೇ ಹೋಗುತ್ತದೆ.

ಎರಡನೆಯದು ಕೊರೊನಾ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಇವಳು ಮೂರನೇ ತರಗತಿ. ರಾಜ್ಯದಲ್ಲಿ 1ರಿಂದ 5ನೇ ತರಗತಿಯವರಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಆಗ ಇವಳು ಐದನೇ ತರಗತಿ. ನಾಲ್ಕನೇ ತರಗತಿ ಎಂಬುದು ಅವಳ ಪಾಲಿಗೆ ಇರಲೇ ಇಲ್ಲ. ಇದರ ಪೆಟ್ಟು ಕನ್ನಡ ಓದಿಗೆ ಯಾಕೆ ಇಷ್ಟು ಜೋರು ಎಂಬುದಕ್ಕೆ ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ನೋಡಬೇಕು. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಬೇಗ ಕಲಿತು ಮುಗಿಸುತ್ತದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ಅಕ್ಷರಗಳ ಸಂಖ್ಯೆ ನೂರಾರು. ಅವುಗಳ ಕಲಿಕೆ ನಾಲ್ಕನೇ ತರಗತಿಯಲ್ಲೂ ಇನ್ನೂ ನಡೆಯುತ್ತಿರುತ್ತದೆ ಎಂದು ಅವರು ತೋರಿಸಿದ್ದಾರೆ. ಅಂದರೆ ಒತ್ತಕ್ಷರ ಗಟ್ಟಿಯಾಗಬೇಕಾದ ಸಮಯದಲ್ಲೇ ಶಾಲೆಗೆ ಬೀಗ ಬಿದ್ದಿತ್ತು. 2022-23ರಲ್ಲಿ ಇಲಾಖೆ ಕಲಿಕಾ ಚೇತರಿಕೆ ನಡೆಸಿತು. ಎಲ್ಲ ಮಕ್ಕಳೂ ಅದರಿಂದ ಚೇತರಿಸಿಕೊಳ್ಳಲಿಲ್ಲ.

ಮೂರನೆಯದು ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು, ಬರಹ ಇಲ್ಲವೇ ಲೆಕ್ಕ ಕಲಿಯುವುದು ಮಾತ್ರ ಕಷ್ಟವಾಗುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಇದೂ ಒಂದು. ಸಹಪಾಠಿಗಳೂ ಅದೇ ಕೊರೊನಾ ಕಂಡವರು, ಆದರೂ ಇವಳಷ್ಟು ಹಿಂದೆ ಬಿದ್ದಿರಲಿಲ್ಲ. ಹಾಗಾಗಿ ಈ ಅನುಮಾನ ಬಲವಾಗಿತ್ತು. ಆದರೆ ಡಿಎಸ್‌ಎಂ-5ರ ನಿಯಮದಂತೆ, ತೊಂದರೆಗೆ ತಕ್ಕ ಸಹಾಯ ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ಅದು ಉಳಿದಿದ್ದರೆ ಮಾತ್ರ ಆ ಹೆಸರು. ಸಹಾಯವನ್ನೇ ಕೊಡದೆ ಹೆಸರು ಕೊಡುವಂತಿಲ್ಲ. ಜೊತೆಗೆ ಎಂ.ಎಸ್ಸಿ. ವಿದ್ಯಾರ್ಥಿನಿ ಆ ಹೆಸರು ಕೊಡುವವಳೂ ಅಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಬೇಕು. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುವುದೆಂದು ನಿರ್ಧಾರವಾಯಿತು. ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋಗಿ ಬರಲು ಇಡೀ ದಿನ ಬೇಕು. ಅಮ್ಮನಿಗೆ ಒಂದು ದಿನದ ವ್ಯಾಪಾರ ಹೋಗುತ್ತದೆ. ಅಪ್ಪ ದಡದಲ್ಲಿದ್ದಾಗ ಹೋಗುವುದು ಎಂದಾಯಿತು. ಅಲ್ಲಿಯವರೆಗೆ ಮಗುವನ್ನು ಕಾಯಿಸುವ ಅಗತ್ಯವಿರಲಿಲ್ಲ.

ಶಾಲೆಯಲ್ಲಿ ಬದಲಾದದ್ದು

ಹೆಡ್‌ಮಾಸ್ತರರ ಕೋಣೆಯಲ್ಲಿ ಸಭೆ ಸೇರಿತು. ಅಮ್ಮ ಮೀನು ಮಾರಿ ಮುಗಿಸಿ ನೇರವಾಗಿ ಬಂದಿದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತರು. ಹೆಡ್‌ಮಾಸ್ತರರು ಎದ್ದು ಅವರನ್ನು ಮೇಜಿನ ಪಕ್ಕಕ್ಕೆ ಕರೆದು ಕೂರಿಸಿದರು. ಆ ಒಂದು ನಡೆಯಿಂದ ಅರ್ಧ ಕೆಲಸ ಆದ ಹಾಗಾಯಿತು. ‘ನನ್ನ ಮಗಳು ಸುಳ್ಳು ಹೇಳ್ತಾಳೆ ಅಂತ ಬೈದೆ ಅಕ್ಕೋರೆ’ ಎಂದು ಅಮ್ಮ ಕಣ್ಣೊರೆಸಿಕೊಂಡರು. ಅವಳು ಸುಳ್ಳು ಹೇಳುತ್ತಿಲ್ಲ, ಹೆದರಿದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ ಎಂದು ವಿದ್ಯಾರ್ಥಿನಿ ವಿವರಿಸಿದಳು. ಹೆದರಿಕೆ ಎಂದು ಬಂದ ಪ್ರಸಾದದ ಮಾತಿಗೂ ಇದಕ್ಕೂ ಜಗಳವಿರಲಿಲ್ಲ. ಯಾವುದರ ಹೆದರಿಕೆ ಎಂಬುದನ್ನು ಮಾತ್ರ ನಾವು ಹುಡುಕಿದ್ದೆವು.

ಸಭೆಯಲ್ಲಿ ಎಷ್ಟು ಹೇಳಬೇಕು ಎಂಬುದನ್ನು ಹುಡುಗಿಯ ಜೊತೆ ಮೊದಲೇ ಮಾತಾಡಿಕೊಂಡಿದ್ದೆವು. ಓದಲು ಕಷ್ಟ ಎಂದು ಹೇಳಬಹುದು, ಅಡ್ಡಹೆಸರು ಏನೆಂದು ಹೇಳಬಾರದು ಎಂದಳು. ಹೇಳಲಿಲ್ಲ.

ಸರದಿಯ ಪ್ರಕಾರ ಎದ್ದು ನಿಂತು ಓದುವ ಪದ್ಧತಿಯನ್ನು ಇವಳೊಬ್ಬಳಿಗೆ ಮಾತ್ರ ಬಿಟ್ಟುಕೊಟ್ಟರೆ ಮತ್ತೊಂದು ಅಡ್ಡಹೆಸರು ಹುಟ್ಟುತ್ತಿತ್ತು. ಕನ್ನಡ ಶಿಕ್ಷಕಿ ಇದನ್ನು ಥಟ್ಟನೆ ಹಿಡಿದರು. ಇಡೀ ತರಗತಿಗೇ ಕ್ರಮ ಬದಲಿಸಿದರು. ನಾಳೆ ಯಾರು ಯಾವ ನಾಲ್ಕು ಸಾಲು ಓದಬೇಕೆಂದು ಹಿಂದಿನ ದಿನವೇ ಹೇಳುವುದು. ಇಬ್ಬಿಬ್ಬರು ಜೋಡಿಯಾಗಿ ಓದಿಕೊಳ್ಳುವುದು. ಆಮೇಲೆ ಕೂತಲ್ಲೇ ಓದುವುದು. ಸಮಾಜ ವಿಜ್ಞಾನದ ಮಾಸ್ತರರು ದಸರಾ ರಜೆ ಮುಗಿದ ಮೇಲೆ ಒಪ್ಪಿದರು. ಇಂಗ್ಲಿಷ್ ಶಿಕ್ಷಕರಿಗೆ ಸಿಲೆಬಸ್ಸಿನ ಚಿಂತೆ. ಜೋಡಿ ಓದಿಗೆ ಹೊತ್ತು ಹೋಗುತ್ತದೆ ಎಂಬ ಅವರ ಮಾತಿನಲ್ಲಿ ನ್ಯಾಯವಿತ್ತು. ಅವರು ಒಪ್ಪಿದ್ದು ನವೆಂಬರ್ ನಡುವೆ.

ವಿದ್ಯಾರ್ಥಿನಿ ಹುಡುಗಿಯ ಜೊತೆ ಕೂತು ಹೆದರಿಕೆಗೆ 0ಯಿಂದ 10ರವರೆಗೆ ಅಂಕ ಹಾಕಿಸಿದಳು. ಅಕ್ಕೋರ ಮುಂದೆ ಒಬ್ಬಳೇ ಓದುವುದಕ್ಕೆ 3. ಗೆಳತಿಯೊಬ್ಬಳ ಮುಂದೆ 4. ಕೂತಲ್ಲೇ ತರಗತಿಗೆ ಓದುವುದಕ್ಕೆ 8. ಎದ್ದು ನಿಂತು ಇಂಗ್ಲಿಷ್ ಓದುವುದಕ್ಕೆ 10. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು. ಒಂದು ಮೆಟ್ಟಿಲು ಅಭ್ಯಾಸವಾಗಿ ಬೇಸರ ಬರುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. ಜೊತೆಗೆ ಒತ್ತಕ್ಷರದ ಅಭ್ಯಾಸ: ಒಂದೇ ಒತ್ತು ಇರುವ ಪದಗಳ ಗುಂಪು, ಒಂದೇ ಸಣ್ಣ ಗದ್ಯವನ್ನು ಮೂರು ಸಲ ಓದುವುದು. ಕನ್ನಡ ಶಿಕ್ಷಕಿ ಇದನ್ನು ಉಳಿದ ದಿನಗಳಲ್ಲೂ ಮುಂದುವರಿಸಿದರು.

ಬೆಳಗಿನ ಹೊತ್ತಿಗೂ ಒಂದು ವ್ಯವಸ್ಥೆ ಬೇಕಿತ್ತು. ಪಕ್ಕದ ಮನೆಯ ಹುಡುಗಿ ಬಸ್ಸಿಗೆ ಹೋಗುವಾಗ ಇವಳನ್ನು ಕರೆದುಕೊಂಡೇ ಹೋಗಬೇಕು. ಹೊಟ್ಟೆ ನೋಯುತ್ತಿದ್ದರೂ ಶಾಲೆಗೆ ಬರುವುದು, ಅಲ್ಲಿ ಬೇಕಾದರೆ ಸ್ವಲ್ಪ ಹೊತ್ತು ಲೈಬ್ರರಿಯಲ್ಲಿ ಕೂರುವುದು. ಅಜ್ಜಿಗೆ ಇದು ಕಠೋರ ಅನ್ನಿಸಿತು. ವಿದ್ಯಾರ್ಥಿನಿ ಮನೆಗೇ ಹೋಗಿ ಅಜ್ಜಿಯ ಜೊತೆ ಕೂತು ಮಾತಾಡಿದಳು. ಜ್ವರ, ವಾಂತಿ ಇದ್ದರೆ ಮನೆ. ಬರೀ ನೋವಾದರೆ ಶಾಲೆ. ಅಜ್ಜಿ ಅದನ್ನು ನೆನಪಿಟ್ಟುಕೊಂಡರು.

ಸೆಪ್ಟೆಂಬರ್ ಕೊನೆಗೆ ಶುಕ್ರವಾರಗಳು ತುಂಬತೊಡಗಿದವು. ಮಂಗಳವಾರ ಇನ್ನೂ ಖಾಲಿ, ಯಾಕೆಂದರೆ ಆ ದಿನ ಇಂಗ್ಲಿಷ್ ಮೊದಲಿನಂತೆಯೇ ಇತ್ತು. ದಸರಾ ರಜೆ ಮುಗಿದ ಮೇಲೆ ಒಂದು ವಾರ ಹುಡುಗಿ ಬರಲೇ ಇಲ್ಲ. ಶಾಲೆಯಲ್ಲಿ ಎಲ್ಲರಿಗೂ ನಿರಾಸೆ. ಆದರೆ ದೊಡ್ಡ ರಜೆಯ ನಂತರ ಹೀಗಾಗುತ್ತದೆ ಎಂದು ಪಾಠದಲ್ಲೇ ಓದುತ್ತೇವೆ. ವಿದ್ಯಾರ್ಥಿನಿ ಯೋಜನೆ ಬದಲಿಸದೆ, ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡಿದಳು. ನವೆಂಬರ್ ಕೊನೆಯಿಂದ ಮಂಗಳವಾರವೂ ಬರತೊಡಗಿದಳು.

ಇದು ಸಂಶೋಧನೆಯೂ ಆಯಿತು

ಒಬ್ಬಳೇ ಹುಡುಗಿ. ಹೋಲಿಸಲು ಗುಂಪಿಲ್ಲ. ಇದನ್ನು ಸಂಶೋಧನೆ ಅನ್ನಬಹುದೇ ಎಂದು ನಮ್ಮ ವಿಭಾಗದಲ್ಲಿ ಪ್ರಶ್ನೆ ಬಂತು. ಅನ್ನಬಹುದು. ಏಕ ಪ್ರಕರಣ ವಿನ್ಯಾಸ ಎಂಬುದು ಶಾಲಾ ಮನಃಶಾಸ್ತ್ರದಲ್ಲಿ ಬಹಳ ಕಾಲದಿಂದ ಇದೆ. ಒಂದೇ ಮಗುವಿನ ನಡವಳಿಕೆಯನ್ನು ಬದಲಾವಣೆಗೆ ಮೊದಲು ಹಲವು ಸಲ, ನಂತರ ಹಲವು ಸಲ ಅಳೆಯುತ್ತಾರೆ. ಬದಲಾವಣೆಯನ್ನು ಬೇರೆ ಬೇರೆ ಸಮಯದಲ್ಲಿ ಕನಿಷ್ಠ ಮೂರು ಸಲ ತಂದು, ಮೂರು ಸಲವೂ ಪರಿಣಾಮ ಕಾಣಬೇಕು ಎಂಬುದು ಶಿಕ್ಷಣದ ಸಂಶೋಧನೆಗಳನ್ನು ತೂಗಿ ನೋಡುವ ಅಮೆರಿಕದ ‘ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್’ ಒಪ್ಪುವ ಮಾನದಂಡ.

ಸಾಮಾನ್ಯವಾಗಿ ಮೊದಲ ಹಂತದ ಅಳತೆಗಾಗಿ ಮಗುವಿಗೆ ಸಹಾಯ ಕೊಡದೆ ಕೆಲವು ವಾರ ಕಾಯಬೇಕು. ಶಾಲೆ ಬಿಡುತ್ತಿರುವ ಮಗುವಿನ ವಿಷಯದಲ್ಲಿ ಅದು ತಪ್ಪು. ಇಲ್ಲಿ ಹಾಜರಿ ಪುಸ್ತಕವೇ ಆ ಅಳತೆಯನ್ನು ಮೊದಲೇ ಬರೆದಿಟ್ಟಿತ್ತು. ಇನ್ನು ಮೂವರು ಶಿಕ್ಷಕರು ಮೂರು ಸಮಯದಲ್ಲಿ ಒಪ್ಪಿದ್ದು ನಮ್ಮ ಯೋಜನೆಯಲ್ಲ, ತಾನಾಗಿ ಆದದ್ದು. ಅದೇ ಒಳ್ಳೆಯ ವಿನ್ಯಾಸವಾಯಿತು. ಸರದಿ ಬಂದಾಗ ಓದಿದಳೋ ಇಲ್ಲವೋ ಎಂದು ಮೂವರೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದರು. ಕನ್ನಡದಲ್ಲಿ ಕ್ರಮ ಬದಲಾದ ಮೇಲೆ ಕನ್ನಡದಲ್ಲಿ ಮಾತ್ರ ಓದತೊಡಗಿದಳು. ಸಮಾಜ ವಿಜ್ಞಾನದಲ್ಲಿ ಅಲ್ಲಿ ಬದಲಾದ ಮೇಲೆ. ಇಂಗ್ಲಿಷಿನಲ್ಲೂ ಹಾಗೇ, ಆದರೆ ನಿಧಾನ, ಕೆಲವು ದಿನ ಇಲ್ಲವೇ ಇಲ್ಲ. ಓದಿನ ಅಭ್ಯಾಸವೂ ಜೊತೆಗೇ ನಡೆಯುತ್ತಿದ್ದರಿಂದ ಪೂರ್ತಿ ಫಲ ತರಗತಿಯ ಕ್ರಮ ಬದಲಿಸಿದ್ದಕ್ಕೆ ಸಂದದ್ದು ಎಂದು ಹೇಳಲಾಗದು. ಪ್ರಬಂಧದಲ್ಲಿ ಅದನ್ನು ಸ್ಪಷ್ಟವಾಗಿ ಬರೆಸಿದ್ದೇನೆ.

ಒಪ್ಪಿಗೆಯ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) 2017ರ ಮಾರ್ಗಸೂಚಿ ಅನುಸರಿಸಿದೆವು. ಪಾಲಕರ ಸಹಿ ಸಾಲದು, 12 ದಾಟಿದ ಮಗುವಿನ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕು. ಓದಲು ಕಷ್ಟಪಡುವ ಮಗುವಿಗೆ ಮೂರು ಪುಟದ ಪತ್ರ ಕೊಟ್ಟು ಸಹಿ ಹಾಕಿಸಿದರೆ ಅದು ಒಪ್ಪಿಗೆಯಾಗುವುದಿಲ್ಲ. ಸಣ್ಣ ವಾಕ್ಯಗಳಲ್ಲಿ ಒಂದು ಪುಟ ಮಾಡಿ, ಕೊಂಕಣಿಯಲ್ಲಿ ಓದಿ ಹೇಳಿ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದು ತಿಳಿಸಿದ ಮೇಲೆ ಸಹಿ ಹಾಕಿದಳು.

ತರಬೇತಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅಮೆರಿಕದ ಶಾಲಾ ಮನಃಶಾಸ್ತ್ರಜ್ಞರ ಸಂಘ ಕೇಳುವ ಇಂಟರ್ನ್‌ಶಿಪ್ 1200 ಗಂಟೆ, ಅದರಲ್ಲಿ ಕನಿಷ್ಠ 600 ಗಂಟೆ ಶಾಲೆಯೊಳಗೇ ಆಗಬೇಕು. ನಮ್ಮಲ್ಲಿ ಮನಃಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷೆಗಳ ಪೆಟ್ಟಿಗೆ ಹಿಡಿದು ಕೆಲವು ವಾರ ಶಾಲೆಗೆ ಹೋಗಿ, ವರದಿ ಬರೆದು ಬರುತ್ತಾರೆ. ಈ ಹುಡುಗಿಯನ್ನು ಜುಲೈನಲ್ಲಿ ಮಾತ್ರ ನೋಡಿದ್ದರೆ ಅಪ್ಪ ಮನೆಯಲ್ಲಿದ್ದರು, ಗೈರು ಕಡಿಮೆ ಇತ್ತು. ಸೆಪ್ಟೆಂಬರ್‌ನಲ್ಲಿ ಮಾತ್ರ ನೋಡಿದ್ದರೆ ಗುಡ್ಡದ ಕತೆ ನಿಜವೆನಿಸುತ್ತಿತ್ತು. ಅಕ್ಟೋಬರ್ ಕೊನೆಗೆ ಬಿಟ್ಟು ಬಂದಿದ್ದರೆ ‘ಚಿಕಿತ್ಸೆ ಫಲಿಸಲಿಲ್ಲ’ ಎಂದು ಬರೆಯುತ್ತಿದ್ದೆವು. ಕರಾವಳಿಯ ಶಾಲೆಗೆ ಮಳೆಗಾಲ, ಬೋಟಿನ ಕಾಲ, ದಸರಾ ರಜೆ, ವಾರ್ಷಿಕ ಪರೀಕ್ಷೆ ಎಲ್ಲ ಸೇರಿದ ಒಂದು ವರ್ಷವಿದೆ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಲೆಕ್ಕ ಬೇರೆ. ಜೂನ್‌ನಿಂದ ಮಾರ್ಚ್‌ವರೆಗೆ ಒಂದೇ ಶಾಲೆಯಲ್ಲಿ, ವಾರಕ್ಕೆ ಎರಡೇ ದಿನವಾದರೂ ಸರಿ, ನಿರಂತರವಾಗಿ ಇರುವಂತೆ ಕ್ಷೇತ್ರ ತರಬೇತಿ ಬದಲಾಗಬೇಕು. ಸರ್ಕಾರಿ ಹೈಸ್ಕೂಲಿನಲ್ಲಿ ಮನಃಶಾಸ್ತ್ರಜ್ಞರ ಹುದ್ದೆ ಸಿಗದ ಈ ಕಾಲದಲ್ಲಿ, ವಿದ್ಯಾರ್ಥಿಗಳೂ ಶಿಕ್ಷಕರೂ ಒಟ್ಟಿಗೆ ಕಲಿಯಲು ನನಗೆ ಕಾಣುವ ದಾರಿ ಇದೇ.

ಮಾರ್ಚ್ ಹೊತ್ತಿಗೆ ಹುಡುಗಿಯ ಎಸ್‌ಡಿಕ್ಯೂ ಭಾವನೆಯ ಅಂಕ 4ಕ್ಕೆ ಇಳಿದಿತ್ತು. ಐದನೇ ತರಗತಿಯ ಕನ್ನಡ ಗದ್ಯವನ್ನು ಅರ್ಥ ಬಿಡದೆ ಓದುತ್ತಿದ್ದಳು. ಎಂಟನೇ ತರಗತಿಯ ಪಾಠ ಇನ್ನೂ ಕಷ್ಟವೇ. ಆರು ತಿಂಗಳ ಸಹಾಯದ ನಂತರವೂ ಒತ್ತಕ್ಷರದ ತೊಡಕು ಉಳಿದದ್ದರಿಂದ ಧಾರವಾಡಕ್ಕೆ ಕಳಿಸುವ ಪತ್ರದಲ್ಲಿ ಹಾಜರಿಯ ನಕ್ಷೆ, ಓದಿದ ಮಾದರಿಗಳು, ಸಹಪಾಠಿಗಳ ಹೋಲಿಕೆ ಎಲ್ಲ ಸೇರಿಸಿದೆವು. ಕಲಿಕಾ ನ್ಯೂನತೆ ಎಂದು ಪ್ರಮಾಣಪತ್ರ ಸಿಕ್ಕರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳಿಗೆ ಅರ್ಜಿ ಹಾಕಬಹುದು. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡುವ ಬದಲು ಈಗಲೇ ಕಡತ ಸಿದ್ಧವಿರಲಿ ಎಂದು ಹೆಡ್‌ಮಾಸ್ತರರೇ ಹೇಳಿದರು. ಧಾರವಾಡದ ಭೇಟಿಯನ್ನು ಬೋಟು ನಿಲ್ಲುವ 2025ರ ಜೂನ್‌ಗೆ ಇಟ್ಟುಕೊಂಡೆವು, ಅಪ್ಪ ಕರೆದುಕೊಂಡು ಹೋಗುವುದೆಂದಾಯಿತು. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಮ್ಮನ ಫೋನಿನಲ್ಲಿ ಹಾಕಿಕೊಟ್ಟಿದ್ದೇವೆ. ಒಂಬತ್ತನೇ ತರಗತಿಯ ಶಿಕ್ಷಕರಿಗೆ ಒಂದು ಪುಟದ ಟಿಪ್ಪಣಿ ಹೋಗಿದೆ. ಅದರ ಮೊದಲ ಸಾಲನ್ನು ಹುಡುಗಿಯೇ ಹೇಳಿ ಬರೆಸಿದ್ದು: ಯಾವ ಸಾಲು ಓದಬೇಕೆಂದು ಹಿಂದಿನ ದಿನವೇ ತಿಳಿಸಿ.